ಮಿಜಾರು ಕೈಕಂಬ ಮೀಮಾಂಸೆ: ಸೈಕಲ್ ಸವಾರರ ದಿಕ್ಕುದೆಸೆ ಕುರಿತು ಒಂದು ಘನ ಅಧ್ಯಯನ

1. ವಿಷಯ ಪ್ರವೇಶ

ಸೈಕಲ್ ತುಳಿಯುವವನ ಬಗ್ಗೆ ನಮ್ಮ ರಸ್ತೆ ಫಲಕಗಳು ಸಾಮಾನ್ಯವಾಗಿ ಮೂರು ಮಾತು ಆಡುತ್ತವೆ. ನೀಲಿ ವೃತ್ತದಲ್ಲಿ ಬಿಳಿ ಸೈಕಲ್ ಇದ್ದರೆ 'ಇದು ನಿನ್ನ ದಾರಿ'. ಕೆಂಪು ವೃತ್ತದಲ್ಲಿ ಸೈಕಲ್ಲಿನ ಮೇಲೆ ಅಡ್ಡಗೀಟು ಬಿದ್ದಿದ್ದರೆ 'ಇತ್ತ ಬರಬೇಡ'. ಕೆಂಪು ತ್ರಿಕೋನದಲ್ಲಿದ್ದರೆ ಅದು ಅವನಿಗೆ ಹೇಳಿದ್ದೇ ಅಲ್ಲ, 'ಸೈಕಲಿನವರು ದಾಟುತ್ತಾರೆ, ಜಾಗ್ರತೆ' ಎಂದು ಲಾರಿಯವನಿಗೆ ಹೇಳಿದ್ದು. ಹೀಗೆ ಮೀಮಾಂಸಕರ ವಿಧಿ, ನಿಷೇಧ, ಅರ್ಥವಾದ ಮೂರೂ ಮುಗಿದವು. ಎತ್ತ ಹೋಗಬೇಕು, ಹೋಗಿ ಮುಟ್ಟುವಷ್ಟರಲ್ಲಿ ಮೊಣಕಾಲಿನ ಗತಿಯೇನು ಎಂಬ ಬ್ರಹ್ಮಜಿಜ್ಞಾಸೆ ಹಾಗೇ ಉಳಿಯಿತು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು, ದಿಕ್ಕು ಕೊಡಲಿಲ್ಲ.

ಈ ಕೊರತೆ ನೀಗಲು ಮೂಡುಬಿದಿರೆ ತಾಲೂಕಿನ ಮಿಜಾರಿನಲ್ಲಿ ಸೈಕಲ್ ಸವಾರರಿಗಾಗಿಯೇ ದಾರಿ ತೋರಿಸುವ ಒಂದು ಬಹುಹಸ್ತ ಕೈಕಂಬ ನೆಡಬೇಕೆಂಬುದು ಈ ಪ್ರಬಂಧದ ಪ್ರತಿಜ್ಞೆ. ಆ ಕಂಬ ಇನ್ನೂ ಇಲ್ಲ ಎಂಬ ಅಲ್ಪ ಕಾರಣಕ್ಕೆ ಸಂಶೋಧನೆ ನಿಲ್ಲುವಂತಿಲ್ಲ. ಇಲ್ಲದ್ದರ ಮೇಲೆ ಪಿಎಚ್‌.ಡಿ. ಪಡೆದವರ ಪರಂಪರೆ ನಮ್ಮಲ್ಲಿ ದೊಡ್ಡದು.

2. ಇತಿಹಾಸ ವಿಚಾರ

ಕೈಕಂಬ ನಮ್ಮ ಜಿಲ್ಲೆಗೆ ಹೊಸತಲ್ಲ. ಮಂಗಳೂರಿನಿಂದ ಮಿಜಾರಿಗೆ ಬರುವ ದಾರಿಯಲ್ಲೇ, ಗುರುಪುರ ದಾಟಿದ ಮೇಲೆ ಒಂದು ಕೈಕಂಬ ಇದೆ. ಅಲ್ಲಿಂದ ಒಂದು ಕಡೆ ಬಜ್ಪೆ, ಇನ್ನೊಂದು ಕಡೆ ಪೊಳಲಿ. ಬಿ.ಸಿ.ರೋಡಿನ ಹತ್ತಿರ ಇನ್ನೊಂದು, ಸುಬ್ರಹ್ಮಣ್ಯದ ದಾರಿಯಲ್ಲಿ ಮತ್ತೊಂದು. ಘಟ್ಟ ಹತ್ತಿದರೆ ಚಿಕ್ಕಮಗಳೂರಿನ ಕೈಮರ. ಕವಲುದಾರಿಯಲ್ಲಿ ಕೈ ಚಾಚಿ ನಿಂತ ಕಂಬ ಊರಿಗೇ ಹೆಸರಾಯಿತು. ಆಮೇಲೆ ಕಂಬ ಬಿತ್ತು, ಬಸ್ ತಂಗುದಾಣ ಬಂತು, ಬೇಕರಿ ಬಂತು, ಜ್ಯೂಸ್ ಅಂಗಡಿ ಬಂತು. ಈಗ ಅಲ್ಲಿಗೆ ಹೋಗಿ 'ಕೈಕಂಬ ಎಲ್ಲುಂಟು?' ಎಂದು ಕೇಳಿದರೆ 'ಇದೇ ಕೈಕಂಬ ಮಾರಾಯ್ರೆ' ಎನ್ನುತ್ತಾರೆ. ದಾರಿ ತೋರಿಸುತ್ತಿದ್ದದ್ದೇ ತಲುಪುವ ಜಾಗವಾಗಿಬಿಟ್ಟ ಇಂಥ ಪ್ರಸಂಗ ಅದ್ವೈತಿಗಳಿಗೂ ಸುಲಭಕ್ಕೆ ಸಿಕ್ಕುವುದಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು 'ಕೈಕಂಬ' ಎಂದಷ್ಟೇ ಅಂದರೆ 'ಯಾವ ಕೈಕಂಬ?' ಎಂಬ ಮರುಪ್ರಶ್ನೆ ಬರುತ್ತದೆ. ಕೈಕಂಬ ಹುಡುಕಲಿಕ್ಕೂ ಒಂದು ಕೈಕಂಬ ಬೇಕು.

3. ತೌಲನಿಕ ಅಧ್ಯಯನ

ಬ್ರಿಟನ್ನಿನಲ್ಲಿ 2000ನೇ ಇಸವಿಯ ನೆನಪಿಗೆ ರಾಷ್ಟ್ರೀಯ ಸೈಕಲ್ ಜಾಲದುದ್ದಕ್ಕೂ ಒಂದು ಸಾವಿರ ಎರಕದ ಕಬ್ಬಿಣದ ಕಂಬಗಳನ್ನು ನೆಟ್ಟರು. ಖರ್ಚು ಒಂದು ಬ್ಯಾಂಕಿನದು. ನಾಲ್ವರು ಕಲಾವಿದರ ನಾಲ್ಕೇ ವಿನ್ಯಾಸ, ಅದರಲ್ಲೊಂದು ಹುಂಜದ ಹೆಸರಿನದು. ಹಲವು ಕಂಬಗಳಿಗೆ ಗೂಢಲಿಪಿಯ ಬಿಲ್ಲೆಯನ್ನೂ ಅಂಟಿಸಿದರು. ಮಿಜಾರಿನಿಂದ ಏಳೆಂಟು ಕಿ.ಮೀ. ದೂರದ ಮೂಡುಬಿದಿರೆಯಲ್ಲಿ 1430ರಲ್ಲೇ ಸಾವಿರ ಕಂಬದ ಬಸದಿ ಎದ್ದಿತ್ತು. ಅಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂಬುದು ಊರವರ ಹೆಮ್ಮೆ. ಆದರೆ ಅಷ್ಟು ಕಂಬಗಳಲ್ಲಿ ಒಂದಕ್ಕೂ ಕೈಯಿಲ್ಲ! ಕಂಬವಿದ್ದಲ್ಲಿ ಕೈಯಿಲ್ಲ, ಕೈಕಂಬವಿದ್ದಲ್ಲಿ ಕಂಬವೇ ಇಲ್ಲ. ಈ ಮಹಾ ವಿರೋಧಾಭಾಸವನ್ನು ಮೊದಲು ಗುರುತಿಸಿದ ಕೀರ್ತಿ ಈ ಸಂಶೋಧಕನದು.

ಇನ್ನು ಕಾರ್ಕಳದ ಚತುರ್ಮುಖ ಬಸದಿ, 1586ರದು. ನಾಲ್ಕು ದಿಕ್ಕಿನಿಂದಲೂ ಒಂದೇ ರೂಪ. ಎತ್ತ ಹೋದರೂ ಅದೇ ದರ್ಶನ ಎಂದ ಮೇಲೆ ಫಲಕದ ಹಂಗೇ ಬೇಡ. ಬಸದಿಗಳ ಮುಂದಿನ ಮಾನಸ್ತಂಭ ಕಂಡೊಡನೆ ನೋಡುವವನ ಅಹಂಕಾರ ಕರಗಬೇಕಂತೆ. ಏದುಸಿರಿನ ಸವಾರನಿಗೆ 'ಇನ್ನೂ 8 ಕಿ.ಮೀ.' ಎಂಬ ಕಲ್ಲು ಕಂಡಾಗ ಆಗುವುದೂ ಅದೇ.

4. ಪಾಠಾಂತರ ಸಮಸ್ಯೆ

ಧವಲಾದಿ ಜೈನ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಮೂಡುಬಿದಿರೆ. ಗ್ರಂಥಸಂಪಾದನೆಯ ಶಿಸ್ತನ್ನು ರಸ್ತೆಗೂ ಅನ್ವಯಿಸದಿದ್ದರೆ ಆ ಓಲೆಗರಿಗಳಿಗೇ ಅವಮಾನ. ಮಿಜಾರಿನ ಹೆದ್ದಾರಿ ಮೊದಲು ಸೊಲ್ಲಾಪುರ–ಮಂಗಳೂರು ರಾಷ್ಟ್ರೀಯ ಹೆದ್ದಾರಿ 13 ಆಗಿತ್ತು. 2010ರ ಮರುಸಂಖ್ಯೆಯಲ್ಲಿ 169 ಆಯಿತು. ಹಳೆಯ 13 ಈಗ ಅರುಣಾಚಲ ಪ್ರದೇಶದ ತವಾಂಗಿನ ಕಡೆಯ ಹೆದ್ದಾರಿಯ ಸೊತ್ತು. ಅಂದರೆ 13 ಎಂಬ ಹಳೆಯ ಪಾಠವನ್ನೇ ನಂಬಿ ತುಳಿದವನು ಮೂಡುಬಿದಿರೆಯ ಬದಲು ಹಿಮಾಲಯದಲ್ಲಿ ಎದ್ದಾನು. ಊರಿನ ಹೆಸರಿನದೂ ಇದೇ ಕಥೆ: ಮೂಡಬಿದಿರೆ, ಮೂಡುಬಿದಿರೆ, ಮೂಡಬಿದ್ರಿ, ಮೂಡುಬಿದ್ರೆ; ತುಳುವರ ಬಾಯಲ್ಲಿ ಬೆದ್ರ. ಬಿಕರ್ನಕಟ್ಟೆ–ಸಾಣೂರು ಚತುಷ್ಪಥ ಕಾಮಗಾರಿಯ ಜೆಸಿಬಿ ಮಾತ್ರ ಯಾವ ಪಾಠವನ್ನೂ ಓದುವುದಿಲ್ಲ. ಹಳೆಯ ಕಲ್ಲು ಎದುರಾದರೆ ಎತ್ತಿ ಬದಿಗಿಡುತ್ತದೆ.

5. ಮಾನ ವಿಚಾರ

ಕಿಲೋಮೀಟರ್ ಎಂಬುದು ಇಂಜಿನ್ನಿನ ಮಾನ, ಕಾಲಿನದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವೇ ಉಸೇನ್ ಬೋಲ್ಟ್ ಹೆಸರು ಹಿಡಿದು ಲೆಕ್ಕ ಹಾಕಿತು. ಆ ವೇಗ ಗಂಟೆಗೆ ಸುಮಾರು 37.7 ಕಿ.ಮೀ. ಹಾಗೇ ಓಡಿದರೆ ಮಿಜಾರಿನಿಂದ ಮೂಡುಬಿದಿರೆ 13 ನಿಮಿಷದ ದಾರಿ. ಆದರೆ ಕಂಬಳದ ಓಟದ ಕರೆ ಸಮತಟ್ಟು, ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಗೆ ನೇರ. ಹೆದ್ದಾರಿಯೋ ಅಡಿಕೆ ತೋಟದ ಬೈಲಿಗಿಳಿದು ಮುರಕಲ್ಲಿನ ಪದವಿಗೆ ಏರುತ್ತದೆ. ಹೋಗುವಾಗಿನ ಏರು ಬರುವಾಗ ಇಳಿಜಾರು. ಆದ್ದರಿಂದ ಮಿಜಾರಿನಿಂದ ಮೂಡುಬಿದಿರೆಗೆ ಎಷ್ಟು ದೂರವೋ ಮೂಡುಬಿದಿರೆಯಿಂದ ಮಿಜಾರಿಗೆ ಅಷ್ಟೇ ದೂರವಲ್ಲ. ಇದು ಈ ಪ್ರಬಂಧದ ಮುಖ್ಯ ಪ್ರಮೇಯ. ಸಾಧನೆಗೆ ಸೈಕಲ್ ಸಾಕು.

ಪರಿಹಾರವೂ ಕಂಬಳದಲ್ಲೇ ಉಂಟು. ಕನೆಹಲಗೆ ವಿಭಾಗದಲ್ಲಿ ಕೋಣಗಳು ಎಳೆಯುವ ಹಲಗೆಯಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಎಷ್ಟು ದೂರ ಎಂದಲ್ಲ, ಎಷ್ಟು ಎತ್ತರ ಎಂದು ಕೇಳಿದ ಶಾಸ್ತ್ರವಿದು. ಸೈಕಲಿನ ಕೈಕಂಬವೂ ಊರಿನ ಹೆಸರಿನ ಪಕ್ಕ ಏರನ್ನು ಕೋಲಿನಲ್ಲೇ ಬರೆಯತಕ್ಕದ್ದು.

6. ಲಕ್ಷಣ ನಿರೂಪಣೆ

ಮೊದಲ ಕೈ ಮೂಡುಬಿದಿರೆಗೆ: 'ಏರು ಉಂಟು, ಗಡಿಬಿಡಿ ಬೇಡ'. ಎರಡನೆಯದು ಅಶ್ವತ್ಥಪುರಕ್ಕೆ: 'ಇಲ್ಲಿ ಯಾರೊಂದಿಗೂ ರೇಸಿಗಿಳಿಯಬಾರದು'. ಮೂರನೆಯದು ಮಂಗಳೂರಿಗೆ; ಅದಕ್ಕೆ ಮಂಗಳೂರು, ಕುಡ್ಲ, ಕೊಡಿಯಾಲ್, ಮೈಕಾಲ ಎಂದು ಊರಿನ ಹೆಸರಿಗೊಂದರಂತೆ ನಾಲ್ಕು ಬೆರಳು, ನಾಲ್ಕೂ ಒಂದೇ ಕಡೆಗೆ. ನಾಲ್ಕನೆಯದು ನೇರ ಆಕಾಶಕ್ಕೆ: 'ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಇತ್ತ ನೋಡಿ'.

7. ಆಕ್ಷೇಪಗಳು

ಕೈ ಒಂದು ಪಕ್ಷದ ಚಿಹ್ನೆ, ಸೈಕಲ್ ಇನ್ನೊಂದರದ್ದು. ನೀತಿಸಂಹಿತೆ ಬಂದಾಗ ಕಂಬವನ್ನು ಗೋಣಿಯಿಂದ ಮುಚ್ಚಬೇಕಾದೀತು ಎಂಬುದು ಮೊದಲ ಆಕ್ಷೇಪ. ಮುಚ್ಚಲಿ, ಬ್ರಹ್ಮಕಲಶೋತ್ಸವದ ಫ್ಲೆಕ್ಸು ಹೇಗೂ ಅದನ್ನು ಮುಚ್ಚಲಿದೆ. ಎರಡನೆಯದು ಗಂಭೀರ. ಕೆನಡಾದ ವಾಟ್ಸನ್ ಲೇಕಿನಲ್ಲಿ 1942ರಲ್ಲಿ ಮನೆಯ ನೆನಪಾದ ಸೈನಿಕನೊಬ್ಬ ಕಂಬಕ್ಕೆ ತನ್ನೂರಿನ ಹಲಗೆ ಹೊಡೆದ. ಈಗ ಅಲ್ಲಿ ಹಲಗೆಗಳದೇ ಕಾಡು. ಮಿಜಾರಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಹಾಸ್ಟೆಲ್ ಇದೆ. ಒಂದು ಸೆಮಿಸ್ಟರಿನೊಳಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಊರಿನ ಹಲಗೆಗಳೂ ಬಿದ್ದಾವು.

ಮೂರನೆಯದನ್ನು ಎತ್ತಬಹುದಾದವರು ರಿಕ್ಷಾ ಚಾಲಕರು: 'ಕಂಬ ಹಾಕಿದ್ರೆ ಮತ್ತೆ ನಮ್ಮತ್ರ ಯಾರು ದಾರಿ ಕೇಳುವುದು ಮಾರಾಯ್ರೆ?' ಇದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಕಂಬ ಬಿದ್ದು ಎಷ್ಟೋ ಕಾಲವಾದ ಮೇಲೂ ಕೈಕಂಬಗಳಲ್ಲಿ ಜನ ದಾರಿ ತಪ್ಪದಿರುವುದು ಯಾರ ಕೈಯಿಂದ ಎಂಬುದು ಗೊತ್ತಿರುವ ಸಂಗತಿಯೇ. ಆದ್ದರಿಂದ ತಿದ್ದುಪಡಿ: ಕಂಬಕ್ಕೆ ಐದನೆಯ ಕೈ ಒಂದಿರಲಿ, ಉಳಿದ ನಾಲ್ಕಕ್ಕಿಂತ ದೊಡ್ಡದಾಗಿ, ರಿಕ್ಷಾ ಸ್ಟ್ಯಾಂಡಿನ ಕಡೆಗೆ: 'ಇಲ್ಲಿ ಕೇಳಿ'.