ಶಾಲು ಹೊದಿಸಲಾಗದ ಸನ್ಮಾನಿತರು

ಸಭಾಧ್ಯಕ್ಷರಾದ ಶ್ರೀ ಫ್ರಿಜ್ ಅವರೇ, ಮುಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡು ಕೂತಿರುವ ಹಿರಿಯರಾದ ಎರಕದ ಕಬ್ಬಿಣದ ಬಾಣಲೆಯವರೇ, ಸೂರಿಗಂಟಿಕೊಂಡು ಎಲ್ಲವನ್ನೂ ಮೂಸುತ್ತಿರುವ ಸ್ಮೋಕ್ ಅಲಾರ್ಮ್ ಅವರೇ, ನ್ಯೂಜೆರ್ಸಿಯ ಈ ಅಪಾರ್ಟ್‌ಮೆಂಟಿಗೆ ತಟ್ಟೆ ಹಿಡಿದುಕೊಂಡೇ ಬಂದಿರುವ ಕನ್ನಡ ಬಂಧುಗಳೇ,

ಇಂದಿನ ಸನ್ಮಾನಿತರು ಶ್ರೀ ಏರ್ ಫ್ರೈಯರ್ ಅವರು. ಸ್ಟೀಕ್ ಬೈಟ್ಸ್, ಅಂದರೆ ದನದ ಮಾಂಸದ ಇಂಚುದ್ದದ ತುಂಡುಗಳನ್ನು, ಏಳೆಂಟು ನಿಮಿಷದಲ್ಲಿ ಬೇಯಿಸಿಕೊಡುವ ಅವರ ಸೇವೆಯನ್ನು ಗುರುತಿಸಿ ಈ ಸಮಾರಂಭ. ಶಾಲು ತಂದಿದ್ದೇವೆ, ಆದರೆ ಹೊದಿಸುವಂತಿಲ್ಲ. ಸನ್ಮಾನಿತರ ಬೆನ್ನಿನಿಂದ ಬಿಸಿಗಾಳಿ ಹೊರಡುತ್ತದೆ. ಗೋಡೆಗೂ ಅವರನ್ನು ಒರಗಿಸಬಾರದು. ಹೀಗಾಗಿ ಶಾಲನ್ನು ಸದ್ಯಕ್ಕೆ ನಾನೇ ಹೊದ್ದುಕೊಂಡಿದ್ದೇನೆ.

ಪರಿಚಯ ಚಿಕ್ಕದು. ಇವರು ಓವನ್ ವಂಶದವರು. ನೆತ್ತಿಯಲ್ಲಿ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು, ಅಷ್ಟೇ ಆಸ್ತಿ. ನೆದರ್ಲೆಂಡ್ಸಿನ ಫ್ರೆಡ್ ವಾನ್ ಡರ್ ವೇ ರೂಪಿಸಿದ ಇವರನ್ನು ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್ನಿನ ಮೇಳದಲ್ಲಿ ಲೋಕಕ್ಕೆ ತೋರಿಸಿತು. ಮೂಲತಃ ನೇಮಕವಾದದ್ದು ಆಲೂಗಡ್ಡೆ ಖಾತೆಗೆ. ಮಾಂಸ ಆಮೇಲೆ ಬಂದ ಹೆಚ್ಚುವರಿ ಪ್ರಭಾರ.

ಇನ್ನು ಅಭಿನಂದನಾ ಭಾಷಣದಲ್ಲಿ ಆಡಬಾರದ ಮಾತು. ಇವರ ಹೆಸರಿನಲ್ಲಿ ದುಡಿದವರು ಬೇರೆಯೇ ಇದ್ದಾರೆ. ಮೊದಲನೆಯವರು ಪೇಪರ್ ಟವೆಲ್. ಮಾಂಸದ ಮೈಮೇಲೆ ನೀರಿರುವವರೆಗೆ ಅಲ್ಲಿ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದು. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವಿವರಿಸಿದ, ಕಂದು ಬಣ್ಣವನ್ನೂ ಘಮವನ್ನೂ ತರುವ ಕ್ರಿಯೆ ಚುರುಕಾಗುವುದು 140ರ ಆಸುಪಾಸಿನಲ್ಲಿ. ಒದ್ದೆ ತುಂಡು ಹಾಕಿದರೆ ಏಳೆಂಟು ನಿಮಿಷದಲ್ಲಿ ಅರ್ಧ ನೀರು ಆರಿಸುವುದರಲ್ಲೇ ಕಳೆದು, ತುಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನೆಲ್ಲ ಒತ್ತಿ ಒತ್ತಿ ಹೀರಿದ ಪೇಪರ್ ಟವೆಲ್ ಈಗೆಲ್ಲಿ? ಕಸದ ಡಬ್ಬಿಯಲ್ಲಿ. ಕುರ್ಚಿ ಹಾಕಿದವರ ಹೆಸರನ್ನು ಯಾವ ಸಭೆಯಲ್ಲಿ ಓದಿದ್ದಾರೆ ಹೇಳಿ.

ಎರಡನೆಯವರು ಸರ್ಲಾಯಿನ್ ಎಂಬ ಬೇಗ ಬೇಯುವ ಮೆದು ಮಾಂಸವನ್ನು ತೂಗಿಕೊಟ್ಟ ಕಸಾಯಿ. ಅಗ್ಗಕ್ಕೆ ಸಿಕ್ಕಿತೆಂದು ಸ್ಟ್ಯೂ ಮೀಟ್ ಪೊಟ್ಟಣ ತಂದವರು ಇಲ್ಲಿದ್ದಾರೆ, ಹೆಸರು ಹೇಳುವುದಿಲ್ಲ. ಭುಜದ ಆ ಮಾಂಸ ಗಂಟೆಗಟ್ಟಲೆ ಸಣ್ಣ ಉರಿ ಬೇಡುತ್ತದೆ. ಎಂಟು ನಿಮಿಷಕ್ಕೆ ಅದು ಇನ್ನಷ್ಟು ಬಿಗಿಯುತ್ತದೆ, ಅಷ್ಟೇ.

ಬುಟ್ಟಿಯಲ್ಲಿ ತುಂಡುಗಳು ಒಂದೇ ಪದರವಾಗಿ ಕೂರಬೇಕು. ನಮ್ಮ ವೇದಿಕೆಗಳಲ್ಲಿ ಗಣ್ಯರನ್ನು ತುಂಬಿದ ಹಾಗೆ ತುಂಬಿದರೆ ಯಾರಿಗೂ ಗಾಳಿಯಾಡದು. 400 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 200 ಸೆಲ್ಸಿಯಸ್. ನಡುವೆ ಒಮ್ಮೆ ಕುಲುಕಿ. ಬೆಳ್ಳುಳ್ಳಿಯನ್ನು ಮೊದಲೇ ಹಾಕಿದರೆ ಕರಕಲಾಗಿ ಕಹಿ. ತೆಗೆದ ಮೇಲೆ ಬಿಸಿ ಬೆಣ್ಣೆಯಲ್ಲಿ ಬೆರೆಸಿ ಸುರಿಯಿರಿ.

ಬಾಣಲೆಯವರು ಕೆಮ್ಮುತ್ತಿದ್ದಾರೆ. ಒಪ್ಪಿದೆ ಸ್ವಾಮಿ, ಕಾದ ಕಬ್ಬಿಣ ಮೈಗೆ ತಾಗಿ ಬರುವ ಆ ಗರಿಗರಿ ಪದರ ಗಾಳಿಯಿಂದ ಬರುವುದಿಲ್ಲ. ಆದರೆ ತಮ್ಮ ಕಾರ್ಯಕ್ರಮವಿದ್ದ ದಿನವೆಲ್ಲ ಪ್ರಾರ್ಥನೆ ಹಾಡಿದ್ದು ಸ್ಮೋಕ್ ಅಲಾರ್ಮ್ ಅವರು.

ಕೊನೆಯದಾಗಿ ಶ್ರೀ ಥರ್ಮಾಮೀಟರ್. ಅಮೆರಿಕದ ಕೃಷಿ ಇಲಾಖೆ ತುಂಡಿನೊಳಗೆ 145 ಡಿಗ್ರಿ ಫ್ಯಾರನ್‌ಹೀಟ್ ಬರಲಿ, ಮೂರು ನಿಮಿಷ ಸುಮ್ಮನೆ ಬಿಡಿ ಎನ್ನುತ್ತದೆ. ಒಳಗೆ ಕೆಂಪಿರಲಿ ಎನ್ನುವ ಇಲ್ಲಿನವರು 130 ದಾಟುತ್ತಿದ್ದಂತೆ ತೆಗೆದುಬಿಡುತ್ತಾರೆ. ಕೆಂಪು ಕಂಡರೆ ಹಸಿಯೆನ್ನುವ ನಮ್ಮವರು “ಇನ್ನೆರಡು ನಿಮಿಷ ಇರ್ಲಿ ಬಿಡ್ರೀ” ಎಂದು ದವಡೆ ನೋಯಿಸಿಕೊಳ್ಳುತ್ತಾರೆ. ಇಷ್ಟು ಸಣ್ಣ ತುಂಡಿಗೆ ಎರಡು ನಿಮಿಷವೆಂದರೆ ಒಂದು ಜನ್ಮ.

ಈಗ ನಾನು ಮಾನಪತ್ರವನ್ನು... ಕ್ಷಮಿಸಿ, ಸನ್ಮಾನಿತರೇ ಗಂಟೆ ಬಾರಿಸಿದ್ದಾರೆ. ಐದು ಸಲ. ಮಾನಪತ್ರ ಕಾಯುತ್ತದೆ, ಸರ್ಲಾಯಿನ್ ಕಾಯುವುದಿಲ್ಲ. ಯಾರಾದರೂ ಆ ಡ್ರಾಯರ್ ಎಳೀರಪ್ಪ!