ದ್ವಿತೀಯವಾಹನ ಮೀಮಾಂಸೆ

ಮಡಿ ಎನ್ನುವುದು ನಮ್ಮ ಅಜ್ಜಿಯರ ಅಡುಗೆಮನೆಯಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡ ಆಚಾರವೆಂದು ಇದುವರೆಗಿನ ವಿದ್ವಾಂಸರು ನಂಬಿದ್ದರು. ಈ ಪ್ರಬಂಧ ಅದನ್ನು ಖಂಡಿಸುತ್ತದೆ. ಮಡಿಯು 2019ರ ಏಪ್ರಿಲ್ 8ರಂದು ನಡುಲಂಡನ್ನಿನಲ್ಲಿ ಮರುಹುಟ್ಟು ಪಡೆಯಿತು. 2021ರ ಅಕ್ಟೋಬರ್‌ನಲ್ಲಿ ಉತ್ತರ, ದಕ್ಷಿಣ ವರ್ತುಲ ರಸ್ತೆಗಳ ತನಕ ಹಬ್ಬಿತು. 2023ರ ಆಗಸ್ಟ್ 29ರಂದು ಮಹಾನಗರದ ಎಲ್ಲ ಬರೋಗಳನ್ನೂ ನುಂಗಿತು. ಲೋಕದಲ್ಲಿ ಅದಕ್ಕೆ ಯುಲೆಜ್, ಅಂದರೆ ಅತ್ಯಲ್ಪ ಹೊಗೆಯ ವಲಯ, ಎಂದು ಹೆಸರು. ಕನ್ನಡದ ‘ಉಳಿಸು’ ಧಾತುವಿನಿಂದ ಈ ಶಬ್ದ ಬಂತೆಂದು ಸಾರಿಗೆ ಇಲಾಖೆಯ ಪಕ್ಷ. ‘ಉಳಿಯದು’ ಎಂಬುದರ ಅಪಭ್ರಂಶವೆಂದು ಹಳೇ ಕಾರು ಇಟ್ಟುಕೊಂಡವರ ಪಕ್ಷ. ಎರಡನೆಯದಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನ ಆಧಾರವಿದೆ.

ಪ್ರಬಂಧಕಾರನು ಈ ಮಡಿಯ ಗಡಿಯಿಂದ ಕೂಗಳತೆಯಲ್ಲಿ, ಸ್ಲೌ ಎಂಬ ಊರಿನಲ್ಲಿ, ಒಬ್ಬ ಹೆಂಡತಿ, ಒಬ್ಬ ಮಗ ಮತ್ತು 2014ನೇ ಇಸವಿಯ ಒಂದು ಡೀಸೆಲ್ ಕಾರಿನೊಂದಿಗೆ ಸಂಸಾರ ನಡೆಸುತ್ತಿರುವವನು. ಹೆಂಡತಿಗೆ ಗಡಿಯ ಒಳಗಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಮನೆಯಲ್ಲಿ ಎರಡನೇ ಕಾರಿನ ಜಿಜ್ಞಾಸೆ ಶುರುವಾಯಿತು.

ಮೊದಲು ಮೈಲಿಗೆಯ ಲಕ್ಷಣ. ಪೆಟ್ರೋಲ್ ಕಾರು ಯೂರೋ 4 ಮಾನಕ ಮುಟ್ಟಿರಬೇಕು, ಅಂದರೆ ಸುಮಾರಾಗಿ 2006ರಿಂದೀಚೆಗೆ ಹುಟ್ಟಿರಬೇಕು. ಡೀಸೆಲ್ಲಿಗೆ ಯೂರೋ 6, ಅಂದರೆ 2015ರ ಸೆಪ್ಟೆಂಬರಿನಿಂದೀಚೆಗೆ. ಗಡಿಯಲ್ಲಿ ಹೊಗೆಯನ್ನು ಯಾರೂ ಮೂಸಿ ನೋಡುವುದಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಜಾತಕ ತೆಗೆಸುತ್ತದೆ. ಜಾತಕ ಕೂಡದಿದ್ದರೆ ದಿನಕ್ಕೆ ಹನ್ನೆರಡೂವರೆ ಪೌಂಡ್. ಕಟ್ಟಲು ಆಮೇಲಿನ ಮೂರು ದಿನ ಗಡುವು, ನೆಂಟರ ಸೂತಕದಷ್ಟೇ. ಮರೆತರೆ 180 ಪೌಂಡ್ ದಂಡ, ಹದಿನಾಲ್ಕು ದಿನದೊಳಗೆ ತಪ್ಪೊಪ್ಪಿಕೊಂಡರೆ ಅರ್ಧ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 46 ವಾರ ಗಡಿ ದಾಟಿದರೆ 2,875 ಪೌಂಡ್. ಇಷ್ಟು ದುಡ್ಡಿಗೆ ದಿನಾ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಬದಲು ಇನ್ನೊಂದು ಕಾರನ್ನೇ ತರಬಹುದೆಂಬ ಪರಮಸತ್ಯ ನಮಗೆ ಹೊಳೆದದ್ದು ಹೀಗೆ.

ಡೀಸೆಲ್ ಯಾಕೆ ತೆಗೆದುಕೊಂಡಿರಿ ಎಂದು ಕೇಳುವವರಿದ್ದಾರೆ. ಆಗ ಡೀಸೆಲ್ಲೇ ಮಡಿ, ಸ್ವಾಮಿ. 2001ರಿಂದ ಬ್ರಿಟಿಷ್ ಸರಕಾರ ಹೊಸ ಕಾರಿನ ತೆರಿಗೆಯನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಹಾಕುತ್ತಿತ್ತು. ಆ ತಕ್ಕಡಿಯಲ್ಲಿ ಡೀಸೆಲ್ ಹಗುರ. ನೈಟ್ರೋಜನ್ ಆಕ್ಸೈಡನ್ನು ತೂಗುವ ತಕ್ಕಡಿ ಬಂದಾಗ ಅದೇ ಕಾರು ಭಾರವಾಯಿತು. ಯೂರೋ 6 ಎಲ್ಲ ಹೊಸ ಕಾರಿಗೂ ಕಡ್ಡಾಯವಾದ ಸೆಪ್ಟೆಂಬರಿನಲ್ಲೇ, ಅಂದರೆ 2015ರಲ್ಲಿ, ಫೋಕ್ಸ್‌ವ್ಯಾಗನ್ನಿನ ಗುಟ್ಟೂ ಅಮೆರಿಕದಲ್ಲಿ ರಟ್ಟಾಯಿತು: ಪರೀಕ್ಷೆ ನಡೆಯುತ್ತಿದೆ ಎಂದು ಕಾರಿನ ತಂತ್ರಾಂಶಕ್ಕೆ ಗೊತ್ತಾದರೆ ಶುದ್ಧವಾಗಿ ಉಸಿರಾಡುವುದು, ಬೀದಿಗೆ ಬಿದ್ದರೆ ತನ್ನಿಷ್ಟ. ತಾತ ಕೆಮ್ಮಿದ ಸದ್ದು ಕೇಳಿದಾಗ ಮಾತ್ರ ಸಂಧ್ಯಾವಂದನೆಗೆ ಕೂರುವ ಹುಡುಗರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕಾಲಪ್ರಕರಣ. ಯುಲೆಜ್‌ನ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ಇದರ ಕಷ್ಟ ತಿಳಿದದ್ದು ಅತ್ತೆಯವರ ಆಗಮನ ಸಂದರ್ಭದಲ್ಲಿ. ಹೀಥ್ರೂ ವಿಮಾನ ನಿಲ್ದಾಣವು ಹಿಲಿಂಗ್‌ಡನ್ ಬರೋದಲ್ಲಿದೆ, ಅಂದರೆ ಮಡಿಯೊಳಗೆ. ವಿಮಾನ ತಡವಾಗಿ ರಾತ್ರಿ ಹನ್ನೊಂದಕ್ಕೆ ಇಳಿಯಿತು. ಮಾವಿನಕಾಯಿ ತೊಕ್ಕಿನ ಡಬ್ಬಿಯ ಬಗ್ಗೆ ಕಸ್ಟಮ್ಸ್‌ನವರೊಡನೆ ಅತ್ತೆಯವರು ನಡೆಸಿದ ವಾದ ದೀರ್ಘವೂ ಫಲಪ್ರದವೂ ಆಗಿ, ಕಾರು ಹೊರಟಾಗ ಹನ್ನೆರಡು ಇಪ್ಪತ್ತು. ಹೋದದ್ದು ಒಂದು ತಾರೀಕು, ಬಂದದ್ದು ಇನ್ನೊಂದು: ಇಪ್ಪತ್ತೈದು ಪೌಂಡ್. ಲಂಡನ್ನಿನವರು ಒಂಟಿಕೊಪ್ಪಲ್ ಪಂಚಾಂಗ ಅನುಸರಿಸಿ ಸೂರ್ಯೋದಯಕ್ಕೆ ದಿನ ಬದಲಿಸಿದ್ದರೆ ಅರ್ಧ ಉಳಿಯುತ್ತಿತ್ತು.

‘ನನ್ನಿಂದ ಮೈಲಿಗೆಯಾಯ್ತೇ ಅಳಿಯಂದ್ರೇ?’ ಅಂದರು ಅತ್ತೆ. ಅವರಿಗೆ ಇಡೀ ಇಂಗ್ಲೆಂಡಿನಲ್ಲಿ ಸಲೀಸಾಗಿ ಅರ್ಥವಾದ ಕಾನೂನು ಇದೊಂದೇ.

ಈಗ ಪೂರ್ವಪಕ್ಷಗಳು. ಭಾವಮೈದುನನದು ವಿದ್ಯುದ್ವಾದ: ಹಳೇ ನಿಸಾನ್ ಲೀಫ್ ತನ್ನಿ, ಹೊಗೆಕೊಳವೆಯೇ ಇಲ್ಲದ್ದಕ್ಕೆ ಮೈಲಿಗೆ ಎಲ್ಲಿಯದು? ತರ್ಕ ಸರಿ. ಆದರೆ ನಮ್ಮದು ಸಾಲುಮನೆ, ಕಾರು ನಿಲ್ಲುವುದು ರಸ್ತೆಯಲ್ಲಿ. ಪಡಸಾಲೆಯ ಕಿಟಕಿಯಿಂದ ಫುಟ್‌ಪಾತ್ ದಾಟಿಸಿ ವೈರು ಎಳೆದರೆ ಎದುರುಮನೆ ಮುದುಕಿ ಮುಗ್ಗರಿಸುತ್ತಾಳೆ, ಅವಳ ನಾಯಿ ಅದನ್ನು ಕಡಿಯುತ್ತದೆ.

ಎರಡನೆಯದು ಸ್ವತಃ ಪ್ರಬಂಧಕಾರನದು, ಆದ್ದರಿಂದ ವಿಸ್ತಾರವಾಗಿ ಹೇಳಬೇಕಾದ್ದು. ನಲವತ್ತು ವರ್ಷ ದಾಟಿ ಐತಿಹಾಸಿಕ ವಾಹನವೆಂದು ದಾಖಲಾದ ಕಾರಿಗೆ ಯುಲೆಜ್ ಇಲ್ಲ. ಅದು ಎಷ್ಟು ಹೊಗೆ ಕಾರಿದರೂ ಸರಿ, ಎಣ್ಣೆ ಸೋರಿದರೂ ಸರಿ. ದೆಹಲಿಯ ಕಾನೂನಿನಲ್ಲಿ ಹತ್ತು ವರ್ಷದ ಡೀಸೆಲ್ಲಿಗೂ ಹದಿನೈದು ವರ್ಷದ ಪೆಟ್ರೋಲಿಗೂ ಒಂದು ಕಾಲಕ್ಕೆ ಗುಜರಿಯೇ ಗತಿಯಾಗಿತ್ತು. ಲಂಡನ್ನಿನಲ್ಲಿ ಪಾಪವಿರುವುದು ನಡುವಯಸ್ಸಿಗೆ ಮಾತ್ರ, ಕೂಸಿಗೂ ಇಲ್ಲ, ಮುಪ್ಪಿಗೂ ಇಲ್ಲ. ಆದುದರಿಂದ ಒಂದು ಹಳೇ ಮಾರಿಸ್ ಆಕ್ಸ್‌ಫರ್ಡ್ ತರತಕ್ಕದ್ದು ಎಂದು ನಾನು ಸಾಧಿಸಿದೆ. ಅದು ನಮ್ಮ ಅಂಬಾಸಡರಿನ ಹೆತ್ತತಾಯಿ. ಹೆಂಡತಿ ಪ್ರತಿದಿನ ಬೆಳಗ್ಗೆ ಅದರಲ್ಲಿ, ಕಿಟಕಿಗೆ ಮೊಳಕೈ ಊರಿ, ಡೆಪ್ಯುಟಿ ಕಮಿಷನರ್ ಹಾಗೆ ಆಸ್ಪತ್ರೆಗೆ ಇಳಿಯುವ ಚಿತ್ರವನ್ನೂ ವರ್ಣಿಸಿದೆ.

‘ರೀ, ನಾನು ಕೆಲಸ ಮಾಡೋದು ಮಕ್ಕಳ ಎದೆರೋಗದ ವಾರ್ಡಲ್ಲಿ,’ ಅಂದಳು. ‘ಆ ಹೊಗೆಗಾಡೀಲಿ ಹೋಗಿ ಇಳೀಲಾ?’ ಆಮೇಲೆ ಲಂಡನ್ನಿನ ಲೂಯಿಷಮ್ಮಿನ ಒಬ್ಬ ಹುಡುಗಿಯ ವಿಷಯ ಹೇಳಿದಳು. 2013ರಲ್ಲಿ ಆಸ್ತಮಾ ಉಲ್ಬಣಿಸಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ವಿಚಾರಣಾಧಿಕಾರಿ ದಾಖಲಿಸಿದ್ದು 2020ರಲ್ಲಿ. ನನ್ನ ಪೂರ್ವಪಕ್ಷ ಅಲ್ಲಿಗೆ ಬಿದ್ದುಹೋಯಿತು. ಈ ಒಂದು ಜಾಗದಲ್ಲಿ ಅಣಕು ನನಗೂ ರುಚಿಸುವುದಿಲ್ಲ, ಮುಂದಕ್ಕೆ ಹೋಗೋಣ.

ರಾಜಕೀಯ ಪಕ್ಷವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. ಈ ವಲಯವನ್ನು 2015ರಲ್ಲಿ ಘೋಷಿಸಿದ್ದು ಮೇಯರ್ ಆಗಿದ್ದ ಬೋರಿಸ್ ಜಾನ್ಸನ್. 2023ರಲ್ಲಿ ಅವರೇ ತೆರವು ಮಾಡಿದ ಅಕ್ಸ್‌ಬ್ರಿಜ್ ಕ್ಷೇತ್ರವನ್ನು ಅವರ ಪಕ್ಷ 495 ಮತಗಳಿಂದ ಉಳಿಸಿಕೊಂಡದ್ದು ಅದೇ ಯುಲೆಜ್ಜನ್ನು ಬಯ್ದು. ತಾನೇ ಹಾಕಿದ ರಂಗೋಲಿಯನ್ನು ಮನೆಯವರೇ ತುಳಿದ ಹಾಗೆ.

ಸಿದ್ಧಾಂತವನ್ನು ಹೆಂಡತಿಯೇ ಹೇಳಿದಳು, ಹೋಗಿ ತಂದದ್ದೂ ಅವಳೇ: 2008ರ ಪೆಟ್ರೋಲ್ ಹೋಂಡಾ ಜಾಝ್, ಸಾಸಿವೆ ಡಬ್ಬಿಯಂಥ ಆಕಾರ, ಹಿಂಬದಿಯ ಬಾಗಿಲಿಗೆ ಯಾವನೋ ಗುದ್ದಿದ ನೆಗ್ಗು. ವರ್ಷದ ಪ್ರಾಯಶ್ಚಿತ್ತದ ದುಡ್ಡಿಗಿಂತ ಕಡಿಮೆಗೇ ಬಂತು. ಆದರೆ ಇದರಿಂದ ಒಂದು ಹೊಸ ಸಮಸ್ಯೆ ಎದ್ದಿತು. ದಿನಾ ಓಡುವುದು ಜಾಝ್, ಮಗನನ್ನು ಕನ್ನಡ ತರಗತಿಗೆ ಒಯ್ಯುವುದು ಜಾಝ್, ಅತ್ತೆಯವರನ್ನು ದೇವಸ್ಥಾನಕ್ಕೆ ಕರೆದೊಯ್ಯುವುದೂ ಜಾಝ್. ಹಾಗಾದರೆ ದ್ವಿತೀಯ ಯಾವುದು? ಮನೆಯಿಂದಲೇ ಕೆಲಸ ಮಾಡುವ ಪ್ರಬಂಧಕಾರನೂ ಅವನ ಡೀಸೆಲ್ಲೂ ಯಾವ ಘೋಷಣೆಯೂ ಇಲ್ಲದೆ ಒಟ್ಟಿಗೇ ಎರಡನೇ ಸ್ಥಾನಕ್ಕೆ ಇಳಿದರು.

ಇಲ್ಲಿ ಬಸವಣ್ಣನವರ ಪ್ರಸ್ತಾಪ ಅನಿವಾರ್ಯ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಿಂದ ಅವರ ಪ್ರತಿಮೆ ಇದೆ. ಜಂಗಮದ ಪರವಾಗಿ ಅಷ್ಟು ಹೇಳಿದವರ ಸುತ್ತಲೇ ಲಂಡನ್ ಸ್ಥಾವರದ ಪರ ತೀರ್ಪು ಕೊಟ್ಟಿದೆ: ಮಡಿಯೊಳಗೆ ನಿಂತೇ ಇರುವ ಕಾರಿಗೆ ಯುಲೆಜ್ ಇಲ್ಲ, ಚಲಿಸಿದರಷ್ಟೇ. ವರ್ಷದಲ್ಲಿ ಒಂದು ದಿನ ಮಾತ್ರ ಜಂಗಮಕ್ಕೂ ಮಾಫಿ, ಡಿಸೆಂಬರ್ 25. ಅಂದು ಡೀಸೆಲ್ಲಿನಲ್ಲೇ ಹೋಗಿ ಬಸವಣ್ಣನವರನ್ನು ನೋಡಿ ಬರುವುದೆಂದು ನಾನು ಅಕ್ಟೋಬರಿನಿಂದಲೇ ಸಾರುತ್ತಿದ್ದೆ.

ಆ ದಿನ ಬಂತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಅತ್ತೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಕೋಟು ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟು, ಹಿಂದಿನ ಸೀಟಿನಲ್ಲಿ ಕೂತರು. ‘ಇವತ್ತು ನಿಮ್ಮ ಗಾಡಿಗೂ ಮಡಿಯಂತಲ್ಲ, ಹೊರಡಿ ಅಳಿಯಂದ್ರೇ.’

ಕೀಲಿ ತಿರುಗಿಸಿದೆ. ಟಿಕ್, ಟಿಕ್, ಟಿಕ್ ಅಂತು. ಆರು ವಾರ ನಿಂತಲ್ಲೇ ನಿಂತಿದ್ದ ಬ್ಯಾಟರಿ. ಹೆಂಡತಿ ಏನೂ ಹೇಳದೆ ಒಳಗೆ ಹೋಗಿ ಜಾಝ್‌ನ ಕೀಲಿ ತಂದಳು.