ಅಜ್ಜಿಯ ಚಾತುರ್ಮಾಸ್ಯ

ನಮ್ಮ ಮಾಧ್ವರ ಮನೆಯಲ್ಲಿ ಅಜ್ಜಿಯ ಕೃಷ್ಣಭಕ್ತಿಗೆ ಸರಿಸಾಟಿ ಎಂದರೆ ಅವರ ಕಾಫಿಪ್ರೀತಿ ಒಂದೇ. ಚಾತುರ್ಮಾಸ್ಯದಲ್ಲಿ ಎರಡಕ್ಕೂ ಜಟಾಪಟಿ. ಶಾಕವ್ರತದ ತಿಂಗಳು ತರಕಾರಿ ಇಲ್ಲ; ಮನೆಯೆಲ್ಲ ಹೆಸರುಬೇಳೆಗೆ ಶರಣು. ಮುಂದಿನ ತಿಂಗಳು ಮೊಸರು ನಿಷಿದ್ಧ, ಮಜ್ಜಿಗೆಗೆ ಅಡ್ಡಿಯಿಲ್ಲ. (ಈ ಕಾಯಿದೆ ಮಾಡಿದವರು ಸಂಸಾರಸ್ಥರೇ ಇರಬೇಕು.) ಕೊನೆಯ ತಿಂಗಳು ಬೇಳೆಕಾಳಿಗೆ ರಜೆ, ಅದೇನೂ ದೊಡ್ಡದಲ್ಲ. ನಡುವಿನ ಕ್ಷೀರವ್ರತವೇ ಪರೀಕ್ಷೆ. ಬರೀ ಡಿಕಾಕ್ಷನ್‌ಗೆ ಬೆಲ್ಲ ಕದಡಿ, ಮುಖ ಕಿವಿಚಿಕೊಂಡು ಕುಡಿದು, "ಬೆಣ್ಣೆ ಕದ್ದು ತಿಂದವನಿಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗ್ಬೇಕು!" ಎಂದು ದೇವರನ್ನೇ ಗದರುತ್ತಿದ್ದರು. ನಮಗೆ ಮಾತ್ರ ಹಾಲು ತಪ್ಪಿಸಲಿಲ್ಲ: "ಮಕ್ಕಳು ದೇವರಿದ್ದ ಹಾಗೆ, ದೇವರಿಗೆಂಥ ವ್ರತ?" ತಾತ ಒಮ್ಮೆ ಇದೇ ತರ್ಕ ಹೂಡಿ, "ನಾನೂ ಮಗುವಿದ್ದ ಹಾಗೇ ಕಣೇ" ಎಂದು ಲೋಟ ಚಾಚಿದರು.

"ಎಲ್ಲಿ, ಬಾಯಿ ತೆಗೀರಿ. ಹಾಲುಹಲ್ಲು ಇದ್ರೆ ಕೊಡ್ತೀನಿ!"